ರೇಸ್‌ಕೋರ್ಸ್ ಇಲ್ಲದ ಊರಲ್ಲಿ ಕುದುರೆ ರೇಸ್: ಮೊಬೈಲ್‌ನಲ್ಲಿ ಏನು ಓದಬೇಕು, ಹೇಗೆ ಓದಬೇಕು

ಹುಬ್ಬಳ್ಳಿ-ಧಾರವಾಡದಲ್ಲಿ ರೇಸ್‌ಕೋರ್ಸ್ ಇಲ್ಲ. ಬೆಂಗಳೂರಿನ ರೇಸ್ ನೋಡಬೇಕೆಂದರೆ ವಂದೇ ಭಾರತ್ ಹಿಡಿದರೂ ಸುಮಾರು ಆರು ತಾಸು. ಮೈಸೂರು ಅದಕ್ಕಿಂತ ದೂರ. ಹಾಗಿದ್ದರೂ ನಮ್ಮ ಕಡೆ ಈಚೆಗೆ ರೇಸ್‌ನ ಮಾತು ಜಾಸ್ತಿ ಕೇಳಿಸುತ್ತಿದೆ. ವಾಟ್ಸಾಪ್‌ನಲ್ಲಿ "ಇವತ್ತಿನ ಪಕ್ಕಾ ಕುದುರೆ" ಅಂತ ಒಂದು ಮೆಸೇಜು, ಯೂಟ್ಯೂಬ್‌ನಲ್ಲಿ ಡರ್ಬಿಯ ಕೊನೇ 200 ಮೀಟರ್, ಟೆಲಿಗ್ರಾಂನಲ್ಲಿ ಯಾರೋ ಗೆದ್ದ ಹಣದ ಫೋಟೋ. ಇದರ ನಡುವೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಹಣದ ಆಟಗಳನ್ನು ನಿಷೇಧಿಸುವ ಕಾಯ್ದೆ ಪಾಸು ಮಾಡಿತು. ಆಮೇಲೆ ಇನ್ನೊಂದು ಪ್ರಶ್ನೆ ಹುಟ್ಟಿದೆ. ರೇಸ್‌ನ ವೆಬ್‌ಸೈಟ್ ನೋಡುವುದೂ ತಪ್ಪಾ?

ನೋಡುವುದು, ಓದುವುದು ತಪ್ಪಲ್ಲ. ಹಣ ಕಟ್ಟುವುದು ಬೇರೆ ವಿಷಯ, ಅದಕ್ಕೆ ಕೊನೆಯಲ್ಲಿ ಬರೋಣ. ಮೊದಲು ತಿಳಿಯಬೇಕಾದದ್ದು ಇಷ್ಟು: ರೇಸ್ ಬಗ್ಗೆ ಇಂಟರ್ನೆಟ್‌ನಲ್ಲಿ ಸಿಗುವುದೆಲ್ಲ ಒಂದೇ ಜಾತಿಯದಲ್ಲ. ಕೆಲವು ದಾಖಲೆ. ಕೆಲವು ಯಾರದೋ ಅಭಿಪ್ರಾಯ. ಇನ್ನು ಕೆಲವು ನಿಮ್ಮ ಜೇಬಿಗೆ ಕೈ ಹಾಕಲು ಬಂದ ಜಾಹೀರಾತು. ಮೂರೂ ಒಂದೇ ಸ್ಕ್ರೀನ್ ಮೇಲೆ, ಒಂದೇ ಅಕ್ಷರದಲ್ಲಿ ಕಾಣುತ್ತವೆ. ತೊಂದರೆ ಇರುವುದೇ ಅಲ್ಲಿ.

ದಾಖಲೆ ಇಡುವವರು ಯಾರು?

ಭಾರತದಲ್ಲಿ ಕುದುರೆ ರೇಸ್‌ಗೆ ದೇಶಕ್ಕೆಲ್ಲ ಒಂದೇ ಮಂಡಳಿ ಅಂತ ಇಲ್ಲ. ಐದು ದೊಡ್ಡ ಕ್ಲಬ್‌ಗಳು ತಮ್ಮ ತಮ್ಮ ನಿಯಮದಡಿ ರೇಸ್ ನಡೆಸುತ್ತವೆ. ಕೋಲ್ಕತ್ತದ ರಾಯಲ್ ಕಲ್ಕತ್ತಾ ಟರ್ಫ್ ಕ್ಲಬ್, ಮುಂಬೈ-ಪುಣೆಯ ರಾಯಲ್ ವೆಸ್ಟರ್ನ್ ಇಂಡಿಯಾ ಟರ್ಫ್ ಕ್ಲಬ್, ಚೆನ್ನೈನ ಮದ್ರಾಸ್ ರೇಸ್ ಕ್ಲಬ್, ಹೈದರಾಬಾದ್ ರೇಸ್ ಕ್ಲಬ್ ಮತ್ತು ನಮ್ಮ ಬೆಂಗಳೂರು ಟರ್ಫ್ ಕ್ಲಬ್. ಮೈಸೂರು, ದೆಹಲಿಯಂಥ ಕ್ಲಬ್‌ಗಳು ಈ ಐದರಲ್ಲಿ ಒಂದರ ನಿಯಮಕ್ಕೆ ಒಳಪಟ್ಟು ನಡೆಯುತ್ತವೆ. ಬೆಂಗಳೂರಿನಲ್ಲಿ ಬೇಸಿಗೆ ಮತ್ತು ಚಳಿಗಾಲ ಅಂತ ಎರಡು ಸೀಸನ್. ನಡುವಿನ ಮಳೆಗಾಲದಲ್ಲಿ ಮೈಸೂರಿನ ಸರದಿ.

ಈ ಕ್ಲಬ್‌ಗಳ ಸ್ವಂತ ವೆಬ್‌ಸೈಟ್‌ಗಳೇ ಮೊದಲ ಆಧಾರ. ನೋಡಲು ಅಷ್ಟೇನೂ ಚೆಂದ ಇರುವುದಿಲ್ಲ, ಮೊಬೈಲ್‌ನಲ್ಲಿ ತೆರೆದರೆ ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ಓದಬೇಕು. ಆದರೆ ಬೇರೆ ಎಲ್ಲರೂ ಮಾಹಿತಿ ಎತ್ತಿಕೊಳ್ಳುವುದು ಇಲ್ಲಿಂದಲೇ. ಒಂದು ರೇಸ್ ನಡೆಯುವ ಮೊದಲು ಅಲ್ಲಿ ಹಂತ ಹಂತವಾಗಿ ಕಾಗದಗಳು ಬರುತ್ತವೆ. ಸೀಸನ್ ಶುರುವಿಗೆ ಪ್ರಾಸ್ಪೆಕ್ಟಸ್, ಅಂದರೆ ಯಾವ ದಿನ ಯಾವ ರೇಸ್, ಎಷ್ಟು ದೂರ, ಯಾವ ದರ್ಜೆಯ ಕುದುರೆಗೆ, ಬಹುಮಾನ ಎಷ್ಟು ಅನ್ನುವ ಪಟ್ಟಿ. ಆಮೇಲೆ ಎಂಟ್ರಿ: ಮಾಲೀಕರ ಪರವಾಗಿ ಹೆಸರು ಕೊಟ್ಟ ಕುದುರೆಗಳು. ನಂತರ ಹ್ಯಾಂಡಿಕ್ಯಾಪ್: ಯಾವ ಕುದುರೆ ಎಷ್ಟು ತೂಕ ಹೊರಬೇಕು. ಅದನ್ನು ಒಪ್ಪಿ ಉಳಿದವರದು ಅಕ್ಸೆಪ್ಟೆನ್ಸ್. ಕೊನೆಗೆ ಡಿಕ್ಲರೇಷನ್, ಜಾಕಿಯ ಹೆಸರಿನ ಸಮೇತ. ಎಂಟ್ರಿ ಪಟ್ಟಿಯಲ್ಲಿ ಹೆಸರು ಕಂಡಿತು ಅಂತ ಆ ಕುದುರೆ ಓಡೇ ಓಡುತ್ತದೆ ಅಂದುಕೊಳ್ಳಬಾರದು. ಎಷ್ಟೋ ಹೆಸರು ದಾರಿಯಲ್ಲೇ ಬಿದ್ದುಹೋಗುತ್ತವೆ.

ಎಲ್ಲ ಕ್ಲಬ್‌ಗಳ ರೇಸ್‌ಕಾರ್ಡ್ (ಓಡುವ ಕುದುರೆಗಳ ವಿವರದ ಪಟ್ಟಿ), ಫಲಿತಾಂಶ, ವಿಡಿಯೋಗಳನ್ನು ಒಂದೇ ಕಡೆ ಕೂಡಿಸಿಡುವ ಖಾಸಗಿ ತಾಣಗಳೂ ಇವೆ. ಇಂಡಿಯಾರೇಸ್ ಮತ್ತು ರೇಸಿಂಗ್ ಪಲ್ಸ್ ರೇಸ್ ಅಭಿಮಾನಿಗಳ ಬಾಯಲ್ಲಿ ಹೆಚ್ಚು ಬರುವ ಹೆಸರುಗಳು. ಬಳಸಲು ಇವೇ ಸುಲಭ. ಆದರೆ ಇಂಥ ತಾಣಗಳಲ್ಲಿ ದಾಖಲೆಯ ಪಕ್ಕದಲ್ಲೇ ಅಂದಾಜೂ ಇರುತ್ತದೆ. ಯಾವುದು ಯಾವುದು ಅಂತ ಬಿಡಿಸಿಕೊಂಡು ಓದುವ ಕೆಲಸ ನಮ್ಮದು.

ರೇಸ್‌ಕಾರ್ಡ್ ಬಿಡಿಸಿ ಓದುವುದು

ಹಾವೇರಿ ಕಡೆಯ ಹೋರಿ ಬೆದರಿಸುವ ಸ್ಪರ್ಧೆಗೆ ಹೋದವರಿಗೆ ಗೊತ್ತು. ಅಖಾಡಕ್ಕೆ ಬರುವ ಹೋರಿಯ ಹೆಸರು ಮೈಕಿನಲ್ಲಿ ಕೂಗಿದ ಕೂಡಲೇ, ಅದು ಯಾವ ಊರಿನದು, ಯಾರ ಮನೆಯದು, ಹೋದ ವರ್ಷ ಎಲ್ಲೆಲ್ಲಿ ಕೊಬ್ಬರಿ ಹರಿಸಿಕೊಳ್ಳದೆ ಓಡಿತು ಅಂತ ಪಕ್ಕದಲ್ಲಿ ನಿಂತವರು ಬಾಯಿಪಾಠ ಹೇಳುತ್ತಾರೆ. ರೇಸ್‌ಕಾರ್ಡ್ ಅಂದರೆ ಆ ಬಾಯಿಪಾಠವನ್ನು ಒಂದೇ ಸಾಲಿನಲ್ಲಿ ಅಚ್ಚು ಹಾಕಿದ ಹಾಗೆ. ಸಂಕ್ಷೇಪ ಜಾಸ್ತಿ ಇರುವುದರಿಂದ ಹೊಸಬರಿಗೆ ತಲೆ ಕೆಡುತ್ತದೆ, ಅಷ್ಟೆ.

ಕುದುರೆಯ ಹೆಸರಿನ ಹತ್ತಿರ ಎರಡು ಮೂರು ಇಂಗ್ಲಿಷ್ ಅಕ್ಷರ ಇರುತ್ತವೆ. ಮೊದಲಿನವು ಬಣ್ಣ. ಬಿ ಅಂದರೆ ಬೇ, ಮೈ ಕಂದು, ಬಾಲ ಮತ್ತು ಜೂಲು ಕಪ್ಪು. ಸಿಎಚ್ ಅಂದರೆ ಕೆಂಚು, ಜಿಆರ್ ಅಂದರೆ ಬೂದು. ಕೊನೇ ಅಕ್ಷರ ಲಿಂಗ. ಸಿ ಎಳೆಯ ಗಂಡು, ಎಫ್ ಎಳೆಯ ಹೆಣ್ಣು, ಎಚ್ ಮತ್ತು ಎಂ ಬೆಳೆದ ಗಂಡು-ಹೆಣ್ಣು, ಜಿ ಬೀಜ ಒಡೆಸಿದ ಗಂಡು. ವಯಸ್ಸಿನ ಲೆಕ್ಕ ಇನ್ನೂ ವಿಚಿತ್ರ. ಮರಿ ಯಾವ ತಿಂಗಳಲ್ಲೇ ಹುಟ್ಟಿರಲಿ, ಭಾರತದ ರೇಸ್ ಕುದುರೆಗಳಿಗೆಲ್ಲ ಜನವರಿ 1ಕ್ಕೇ ಒಂದು ವರ್ಷ ಕೂಡುತ್ತದೆ. ಆಸ್ಟ್ರೇಲಿಯಾದಲ್ಲಿ ಆ ದಿನ ಆಗಸ್ಟ್ 1. ಅಲ್ಲಿಯ ತಾಣ ನೋಡುವಾಗ ಇದು ನೆನಪಿರಲಿ.

ಈಗ ತೂಕ. ಹೊಸಬರು ಇದನ್ನೇ ಬಿಟ್ಟು ಓದುತ್ತಾರೆ, ಆದರೆ ಕಾರ್ಡ್‌ನ ಜೀವ ಇರುವುದು ಇಲ್ಲಿ. ಹೆಚ್ಚಿನ ರೇಸ್‌ಗಳು ಹ್ಯಾಂಡಿಕ್ಯಾಪ್ ರೇಸ್‌ಗಳು. ಚೆನ್ನಾಗಿ ಓಡುವ ಕುದುರೆ ಹೆಚ್ಚು ತೂಕ ಹೊರಬೇಕು, ಸಾಧಾರಣ ಕುದುರೆ ಕಡಿಮೆ. ಎಲ್ಲರನ್ನೂ ಒಂದೇ ಮಟ್ಟಕ್ಕೆ ತಂದು ಗೆಲುವಿನ ಗೆರೆ ಹತ್ತಿರ ಗುಂಪಾಗಿ ಬರುವಂತೆ ಮಾಡುವುದು ಇದರ ಉದ್ದೇಶ. ಈ ಲೆಕ್ಕ ಹಾಕುವವರಿಗೆ ಹ್ಯಾಂಡಿಕ್ಯಾಪರ್ ಅನ್ನುತ್ತಾರೆ. ಅವರು ಪ್ರತಿ ಕುದುರೆಗೂ ಒಂದು ರೇಟಿಂಗ್ ಕೊಡುತ್ತಾರೆ. ಭಾರತದಲ್ಲಿ ರೇಟಿಂಗ್‌ನ ಒಂದು ಪಾಯಿಂಟ್‌ಗೆ ಅರ್ಧ ಕೆಜಿ. 60 ರೇಟಿಂಗ್‌ನ ಕುದುರೆಗೆ 60 ಕೆಜಿ ಕೊಟ್ಟಿದ್ದರೆ, 52ರ ಕುದುರೆಗೆ ಎಂಟು ಪಾಯಿಂಟ್ ಕಡಿಮೆ, ಹಾಗಾಗಿ ನಾಲ್ಕು ಕೆಜಿ ಕಡಿಮೆ: 56. ಜಾಕಿಯ ಮೈತೂಕ, ಜೀನು ಎಲ್ಲ ಸೇರಿ ಇಷ್ಟಾಗಬೇಕು. ಕಡಿಮೆ ಬಿದ್ದರೆ ಜೀನಿನ ಚೀಲದಲ್ಲಿ ಸೀಸ ಇಡುತ್ತಾರೆ. ಕಲಿಯುವ ಹಂತದ ಜಾಕಿ, ಅಂದರೆ ಅಪ್ರೆಂಟಿಸ್, ಹತ್ತಿದರೆ ಸ್ವಲ್ಪ ತೂಕದ ರಿಯಾಯಿತಿಯೂ ಸಿಗುತ್ತದೆ.

ಗೆದ್ದ ಕುದುರೆಯ ರೇಟಿಂಗ್ ಏರುತ್ತದೆ, ಮುಂದಿನ ಸಲ ತೂಕ ಜಾಸ್ತಿ. ಸೋಲುತ್ತಾ ಹೋದ ಕುದುರೆ ಇಳಿಯುತ್ತಾ ಹೋಗಿ ತನಗೆ ಹೊಂದುವ ದರ್ಜೆಗೆ ಬಂದು ನಿಲ್ಲುತ್ತದೆ. "ಹೋದ ವಾರ ಗೆದ್ದ ಕುದುರೆ, ಈ ವಾರವೂ ಗೆಲ್ಲುತ್ತದೆ" ಅನ್ನುವ ಮಾತು ಎಷ್ಟು ಅರ್ಧ ಸತ್ಯ ಅಂತ ಇಲ್ಲೇ ಗೊತ್ತಾಗುತ್ತದೆ, ಅಲ್ವಾ? ಹೋದ ವಾರದ ಕುದುರೆ ಅದೇ. ಬೆನ್ನಿನ ಮೇಲಿನ ಭಾರ ಬೇರೆ, ಎದುರಾಳಿಗಳೂ ಬೇರೆ. ಡರ್ಬಿಯಂಥ ದೊಡ್ಡ ರೇಸ್‌ಗಳಿಗೆ ಈ ಲೆಕ್ಕ ಇಲ್ಲ. ಮುಂಬೈನ ಇಂಡಿಯನ್ ಡರ್ಬಿ 2400 ಮೀಟರ್, ನಾಲ್ಕು ವರ್ಷದ ಕುದುರೆಗಳಿಗೆ. ಅಲ್ಲಿ ರೇಟಿಂಗ್ ನೋಡಿ ತೂಕ ಹಂಚುವುದಿಲ್ಲ.

ಡ್ರಾ ಅಂದರೆ ಸ್ಟಾರ್ಟಿಂಗ್ ಗೇಟಿನಲ್ಲಿ ಕುದುರೆ ನಿಲ್ಲುವ ಅಂಕಣದ ನಂಬರ್. ತಿರುವು ಬೇಗ ಬರುವ ರೇಸ್‌ನಲ್ಲಿ ಹೊರಗಿನ ಅಂಕಣದ ಕುದುರೆ ಹೆಚ್ಚು ದೂರ ಓಡಬೇಕಾಗಬಹುದು. ಕಣ್ಣುಪಟ್ಟಿ ಕಟ್ಟಿದ್ದಾರೆಯೇ, ಲಾಳ ಹಗುರವಾದ ಅಲ್ಯೂಮಿನಿಯಂನದೋ ಉಕ್ಕಿನದೋ ಅನ್ನುವ ಗುರುತುಗಳೂ ಕಾರ್ಡ್‌ನಲ್ಲಿ ಸಿಗುತ್ತವೆ. ಕಣ್ಣುಪಟ್ಟಿ ಮೊದಲ ಸಲ ಹಾಕಿದ್ದರೆ, ಟ್ರೇನರ್ ಏನೋ ಬದಲಾವಣೆ ಮಾಡಿ ನೋಡುತ್ತಿದ್ದಾರೆ ಅಂತ ಅರ್ಥ. ಅದರಿಂದ ಗೆಲ್ಲುತ್ತದೆ ಅಂತೇನಲ್ಲ.

ಇನ್ನು ನೆಲ. ಮಳೆ ಬಿದ್ದ ಟ್ರ್ಯಾಕಿಗೂ ಒಣ ಟ್ರ್ಯಾಕಿಗೂ ಕುದುರೆಯ ಓಟ ಬದಲಾಗುತ್ತದೆ. ನೆಲ ಎಷ್ಟು ಮೆತ್ತಗಿದೆ ಅಂತ ಅಳೆಯಲು ಪೆನೆಟ್ರೋಮೀಟರ್ ಅನ್ನುವ ಸಾಧನ ಇದೆ. ತೂಕ ಬೀಳಿಸಿ ಸಲಾಕೆ ಎಷ್ಟು ಆಳ ಇಳಿಯಿತು ಅಂತ ನೋಡುತ್ತಾರೆ. ಅಂಕಿ ಹೆಚ್ಚಾದಷ್ಟು ನೆಲ ಮೆತ್ತಗೆ. ಮೈಸೂರಿನ ಮಳೆಗಾಲದ ರೇಸ್ ನೋಡುವವರು ಇದನ್ನು ತಪ್ಪಿಸಬಾರದು.

ಬೆಳಗಿನ ಓಟ, ಸ್ಟೀವರ್ಡ್ ವರದಿ, ಹಳೆಯ ವಿಡಿಯೋ

ಪತ್ರಿಕೆಗಳ ಕ್ರೀಡಾ ಪುಟದಲ್ಲಿ, ದಿ ಹಿಂದೂವಿನ ಆನ್‌ಲೈನ್ ರೇಸ್ ವಿಭಾಗದಲ್ಲಿ ಟ್ರ್ಯಾಕ್ ವರ್ಕ್ ಅಂತ ಒಂದು ಪಟ್ಟಿ ಬರುತ್ತದೆ. ನಸುಕಿನಲ್ಲಿ ಕುದುರೆಗಳು ಅಭ್ಯಾಸ ಮಾಡಿದ್ದನ್ನು ಗಡಿಯಾರ ಹಿಡಿದು ಬರೆದದ್ದು ಅದು. 1000 ಮೀಟರ್ ಎದುರು 1-8, ಪಕ್ಕದಲ್ಲಿ 600/41 ಅಂತಿದ್ದರೆ: ಸಾವಿರ ಮೀಟರ್‌ಗೆ 1 ನಿಮಿಷ 8 ಸೆಕೆಂಡು, ಅದರಲ್ಲಿ ಕೊನೆಯ 600 ಮೀಟರ್‌ಗೆ 41 ಸೆಕೆಂಡು. ಜೊತೆಗೆ "ಸಲೀಸಾಗಿ ಓಡಿತು", "ಒತ್ತಿ ಓಡಿಸಿದರು" ಎಂಬರ್ಥದ ಎರಡು ಮಾತು. ಅಂಕಿಗಿಂತ ಈ ಎರಡು ಮಾತೇ ಎಷ್ಟೋ ಸಲ ಹೆಚ್ಚು ಹೇಳುತ್ತವೆ. ಒತ್ತಿ ಓಡಿಸಿ ತೆಗೆದ 1-8 ಬೇರೆ, ಲಗಾಮು ಬಿಗಿ ಹಿಡಿದೇ ಬಂದ 1-8 ಬೇರೆ. ಮಾಕ್ ರೇಸ್ ಅಂತ ಇನ್ನೊಂದು ಪದ ಸಿಗುತ್ತದೆ, ಅದು ಬಹುಮಾನ ಇಲ್ಲದ ಅಭ್ಯಾಸದ ರೇಸ್.

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಉಪಯೋಗದ, ಎಲ್ಲಕ್ಕಿಂತ ಕಡಿಮೆ ಜನ ಓದುವ ಕಾಗದ ಸ್ಟೀವರ್ಡ್‌ಗಳ ವರದಿ. ಸ್ಟೀವರ್ಡ್ ಅಂದರೆ ರೇಸ್ ನಿಯಮದ ಪ್ರಕಾರ ನಡೆಯಿತೇ ಅಂತ ನೋಡುವ ಕ್ಲಬ್‌ನ ಅಧಿಕಾರಿಗಳು. ರೇಸ್ ದಿನದ ನಂತರ ಅವರು ನಡೆದದ್ದನ್ನು ಸಣ್ಣ ಸಣ್ಣ ವಾಕ್ಯದಲ್ಲಿ ಬರೆದು ಹಾಕುತ್ತಾರೆ. ಇಂಥ ಕುದುರೆ ಗೇಟಿನಿಂದ ತಡವಾಗಿ ಹೊರಟಿತು. ಇಂಥದ್ದಕ್ಕೆ ತಿರುವಿನಲ್ಲಿ ಅಡ್ಡಿಯಾಯಿತು. ಇಂಥದ್ದರ ಮೂಗಿನಲ್ಲಿ ರಕ್ತ ಬಂದಿತ್ತು. ಇಂಥ ಜಾಕಿಗೆ ಚಾಟಿ ಹೆಚ್ಚು ಬೀಸಿದ್ದಕ್ಕೆ ದಂಡ. ಫಲಿತಾಂಶದಲ್ಲಿ "ಎಂಟನೇ ಸ್ಥಾನ" ಅಂತ ಮಾತ್ರ ಇರುತ್ತದೆ. ಆ ಎಂಟನೇ ಸ್ಥಾನ ಯಾಕೆ ಬಂತು ಅನ್ನುವುದು ವರದಿಯಲ್ಲಿದೆ. ಭಾಷೆ ಒಣ, ಕಾನೂನಿನ ಇಂಗ್ಲಿಷ್. ಆದರೂ ಹತ್ತಿಪ್ಪತ್ತು ಪದ ಮತ್ತೆ ಮತ್ತೆ ಬರುವುದರಿಂದ ಬೇಗ ರೂಢಿಯಾಗುತ್ತದೆ.

ವರದಿ ಓದಿದ ಮೇಲೆ ಅದೇ ರೇಸ್‌ನ ವಿಡಿಯೋ ನೋಡಿದರೆ ಕಣ್ಣು ತೆರೆಯುತ್ತದೆ. ಮೊದಲ ಸಲ ಎಲ್ಲರೂ ಗೆದ್ದ ಕುದುರೆಯನ್ನೇ ನೋಡುತ್ತೇವೆ. ಎರಡನೇ ಸಲ ಸೋತ ಒಂದನ್ನು ಹಿಡಿದು, ಗೇಟಿನಿಂದ ಗೆರೆವರೆಗೆ ಅದನ್ನಷ್ಟೇ ನೋಡಿ. ಎಲ್ಲಿ ಸಿಕ್ಕಿಕೊಂಡಿತು, ಎಲ್ಲಿ ದಾರಿ ಸಿಕ್ಕಿತು ಅಂತ ಕಾಣುತ್ತದೆ. ಫಲಿತಾಂಶದಲ್ಲಿ ಅಂತರವನ್ನು ಲೆಂಗ್ತ್‌ನಲ್ಲಿ ಬರೆಯುತ್ತಾರೆ. ಒಂದು ಲೆಂಗ್ತ್ ಅಂದರೆ ಒಂದು ಕುದುರೆಯ ಉದ್ದ, ಸುಮಾರು 2.4 ಮೀಟರ್. ಅದಕ್ಕಿಂತ ಕಡಿಮೆಯಾದರೆ ನೆಕ್, ಹೆಡ್, ಶಾರ್ಟ್ ಹೆಡ್, ನೋಸ್.

ವಂಶಾವಳಿ ಎಲ್ಲಿ ಸಿಗುತ್ತದೆ?

ರೇಸ್ ಕುದುರೆಗಳು ಥರೋಬ್ರೆಡ್ ಎಂಬ ಒಂದೇ ತಳಿಯವು. ಇಂಗ್ಲೆಂಡಿನಲ್ಲಿ ಇವುಗಳ ವಂಶಾವಳಿ ಪುಸ್ತಕ, ಜನರಲ್ ಸ್ಟಡ್ ಬುಕ್, 1791ರಿಂದ ಇದೆ. ಇವತ್ತಿನ ಯಾವ ಥರೋಬ್ರೆಡ್‌ನ ಗಂಡು ಸಾಲು ಹಿಡಿದು ಹಿಂದೆ ಹೋದರೂ ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್ ಎಂಬ ಮೂರರಲ್ಲಿ ಒಂದಕ್ಕೆ ಹೋಗಿ ಮುಟ್ಟುತ್ತದೆ. ಭಾರತದಲ್ಲಿ ಈ ಲೆಕ್ಕ ಇಡುವುದು ಪುಣೆಯ ಸ್ಟಡ್ ಬುಕ್ ಅಥಾರಿಟಿ. ಅದರ ತಾಣದಲ್ಲಿ ಕುದುರೆಯ ಹೆಸರು ಹಾಕಿದರೆ ತಂದೆ, ತಾಯಿ, ಹುಟ್ಟಿದ ಸ್ಟಡ್ ಫಾರ್ಮ್ ಸಿಗುತ್ತದೆ. ನಮ್ಮ ರಾಜ್ಯದ ಕುಣಿಗಲ್ ಸ್ಟಡ್ ಫಾರ್ಮ್‌ನ ಚರಿತ್ರೆಯಂತೂ ಟಿಪ್ಪುವಿನ ಕಾಲಕ್ಕೆ ಹೋಗುತ್ತದೆ. ಅಂದಹಾಗೆ ಕುದುರೆಗಳ ಹೆಸರು ಒಮ್ಮೊಮ್ಮೆ ಎರಡು ಪದ ಅಂಟಿಸಿದ ಹಾಗೆ ವಿಚಿತ್ರವಾಗಿ ಇರುವುದಕ್ಕೂ ಕಾರಣ ಇದೆ. ಹೆಸರು ಖಾಲಿ ಜಾಗ ಸೇರಿ 18 ಅಕ್ಷರ ದಾಟುವಂತಿಲ್ಲ.

ಹೊರದೇಶದ ತಾಣಗಳು

ಪುಕ್ಕಟೆಯಾಗಿ, ತುಂಬಿ ತುಳುಕುವಷ್ಟು ಮಾಹಿತಿ ಬೇಕಿದ್ದರೆ ಹಾಂಗ್‌ಕಾಂಗ್ ಜಾಕಿ ಕ್ಲಬ್‌ನ ತಾಣ ನೋಡಿ. ಓಟದ ಪ್ರತಿ ಭಾಗಕ್ಕೆ ತೆಗೆದುಕೊಂಡ ಸಮಯ, ಅಭ್ಯಾಸದ ದಾಖಲೆ, ಪಶುವೈದ್ಯರ ಟಿಪ್ಪಣಿ, ಹಳೆಯ ವಿಡಿಯೋ ಎಲ್ಲ ಒಂದೇ ಕಡೆ. ರೇಸ್ ಓದುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಂಡಿಲ್ಲ. ಅಮೆರಿಕಕ್ಕೆ ಇಕ್ವಿಬೇಸ್, ಬ್ರಿಟನ್ ಮತ್ತು ಐರ್ಲೆಂಡಿಗೆ ರೇಸಿಂಗ್ ಪೋಸ್ಟ್. ಎರಡರಲ್ಲೂ ಸ್ವಲ್ಪ ಉಚಿತ, ಸ್ವಲ್ಪ ದುಡ್ಡು ಕೊಟ್ಟು. ಬ್ರಿಟನ್ನಿನ ಕಾರ್ಡ್‌ನಲ್ಲಿ ಕುದುರೆಯ ಹೆಸರಿನ ಎಡಕ್ಕೆ ಕಾಣುವ ಅಂಕಿಗಳ ಸಾಲು ಹಿಂದಿನ ರೇಸ್‌ಗಳ ಸ್ಥಾನ, ಅದರಲ್ಲಿ ಬಲತುದಿಯದು ತೀರಾ ಇತ್ತೀಚಿನದು. ಸೊನ್ನೆ ಇದ್ದರೆ ಹತ್ತನೆಯದೋ ಅದಕ್ಕೂ ಹಿಂದೆಯೋ ಅಂತ. ಅಲ್ಲಿ ದೂರವನ್ನು ಫರ್ಲಾಂಗ್‌ನಲ್ಲಿ ಹೇಳುತ್ತಾರೆ, ಒಂದು ಫರ್ಲಾಂಗ್ 201 ಮೀಟರ್.

ದರದ ಲೆಕ್ಕ

ಹಣ ಕಟ್ಟದವರಿಗೂ ದರ ಓದಲು ಬಂದರೆ ಒಳ್ಳೆಯದು. ಯಾವ ಕುದುರೆಯ ಮೇಲೆ ಜನರ ನಂಬಿಕೆ ಎಷ್ಟಿದೆ ಅಂತ ಅದು ಹೇಳುತ್ತದೆ. ಎರಡು ಪದ್ಧತಿ ಇವೆ. ಟೋಟ್ ಪದ್ಧತಿಯಲ್ಲಿ ಎಲ್ಲರ ಹಣ ಒಂದು ಕಡೆ ಸೇರುತ್ತದೆ, ಕ್ಲಬ್ಬಿನ ಪಾಲು ಮತ್ತು ತೆರಿಗೆ ಕಳೆದು ಉಳಿದದ್ದು ಗೆದ್ದವರಿಗೆ ಹಂಚಿಕೆ. ಉದಾಹರಣೆಗೆ 1 ಲಕ್ಷ ಸೇರಿ, 20 ಸಾವಿರ ಕಳೆದು, ಗೆದ್ದ ಕುದುರೆಯ ಮೇಲೆ 20 ಸಾವಿರ ಬಿದ್ದಿದ್ದರೆ, 10 ರೂಪಾಯಿಗೆ 40. ಹಾಗಾಗಿ ಕೊನೇ ಕ್ಷಣದವರೆಗೂ ದರ ಅಲುಗಾಡುತ್ತಿರುತ್ತದೆ.

ಬುಕ್‌ಮೇಕರ್ ಪದ್ಧತಿಯಲ್ಲಿ ದರ ಹೇಳುವವನು ಬುಕಿ. 4/1 ಅಂದರೆ ಒಂದಕ್ಕೆ ನಾಲ್ಕು ಲಾಭ, ಅಂದರೆ ಐದರಲ್ಲಿ ಒಂದು ಸಲ ಗೆಲ್ಲುತ್ತದೆ ಎಂಬ ಲೆಕ್ಕ, 20 ಪರ್ಸೆಂಟ್. ಈಗ ನಾಲ್ಕೇ ಕುದುರೆಗಳ ಒಂದು ರೇಸ್ ಇದೆ ಅನ್ನಿ. ಅವುಗಳ ದರ 1/1 (ಇದಕ್ಕೆ ಸಮ ಅನ್ನುತ್ತಾರೆ), 2/1, 3/1, 5/1. ಪರ್ಸೆಂಟ್‌ಗೆ ತಂದರೆ 50, 33.3, 25, 16.7. ಕೂಡಿದರೆ 125. ನೂರಾಗಬೇಕಿತ್ತಲ್ಲ? ಯಾವುದು ಗೆದ್ದರೂ 100 ರೂಪಾಯಿ ಕೈಗೆ ಬರುವಂತೆ ನಾಲ್ಕಕ್ಕೂ ಹಂಚಿ ಹಾಕಿದರೆ ಖರ್ಚಾಗುವುದು 125. ಆ 25ರ ಮೇಲೆಯೇ ಬುಕಿಯ ಅಂಗಡಿ ನಡೆಯುವುದು. ಇದರ ಮೇಲೆ ತೆರಿಗೆ ಬೇರೆ. ರೇಸ್ ಬೆಟ್ಟಿಂಗ್‌ನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28 ಪರ್ಸೆಂಟ್‌ನಿಂದ 40ಕ್ಕೆ ಏರಿದೆ.

"ಪಕ್ಕಾ ಟಿಪ್" ಹೇಗೆ ಹುಟ್ಟುತ್ತದೆ?

"ನಮ್ಮ ಓಣಿಯ ಹುಡುಗನಿಗೆ ಎರಡು ಸಲ ಟಿಪ್ ಕರೆಕ್ಟಾಗಿ ಬಂತು" ಅಂತ ಯಾರಾದರೂ ಹೇಳಿದರೆ ಅದು ಸುಳ್ಳಾಗಿರಬೇಕಿಲ್ಲ. ಎಂಟು ಕುದುರೆಗಳ ರೇಸ್. ಟಿಪ್ ಮಾರುವವನ ಹತ್ತಿರ 800 ನಂಬರ್ ಇವೆ. ಒಂದೊಂದು ನೂರು ಜನಕ್ಕೆ ಒಂದೊಂದು ಕುದುರೆಯ ಹೆಸರು ಪುಕ್ಕಟೆ ಕಳಿಸುತ್ತಾನೆ. ಯಾವುದೋ ಒಂದು ಗೆಲ್ಲಲೇಬೇಕು, 100 ಜನಕ್ಕೆ ಟಿಪ್ ಸರಿಯಾಯಿತು. ಉಳಿದ 700 ಜನರಿಗೆ ಮತ್ತೆ ಮೆಸೇಜೇ ಇಲ್ಲ. ಆ ನೂರನ್ನು ಮತ್ತೆ ಎಂಟು ಪಾಲು ಮಾಡಿದರೆ ಎರಡನೇ ರೇಸ್ ಮುಗಿದಾಗ ಹನ್ನೆರಡು ಹದಿಮೂರು ಜನಕ್ಕೆ ಎರಡೂ ಸರಿ. ಮೂರನೆಯದಕ್ಕೆ ಒಬ್ಬಿಬ್ಬರು ಉಳಿಯುತ್ತಾರೆ. ಅವರ ಪಾಲಿಗೆ ಅವನು ದೇವರು. ನಾಲ್ಕನೇ ಟಿಪ್‌ಗೆ ಅವನು ಕೇಳಿದಷ್ಟು ಕೊಡುತ್ತಾರೆ. ಇಷ್ಟಕ್ಕೆಲ್ಲ ಅವನಿಗೆ ಕುದುರೆಯ ಬಗ್ಗೆ ಏನೂ ಗೊತ್ತಿರಬೇಕಾಗಿಲ್ಲ.

ಪತ್ರಿಕೆಯಲ್ಲಿ ಬರುವ ಸೆಲೆಕ್ಷನ್ ಬೇರೆ. ಅದು ರೇಸ್‌ಗೆ ಮೊದಲೇ, ಎಲ್ಲರ ಕಣ್ಣೆದುರು ಅಚ್ಚಾಗಿರುತ್ತದೆ. ತಪ್ಪಿದ್ದೂ ಅಲ್ಲೇ ಉಳಿಯುತ್ತದೆ. ಯಾವ ಟಿಪ್ ತಾಣವನ್ನಾದರೂ ಇದೇ ಅಳತೆಯಲ್ಲಿ ನೋಡಬಹುದು: ಸೋತ ಟಿಪ್‌ಗಳೂ ತಾರೀಖು, ಸಮಯದ ಸಮೇತ ಅಲ್ಲೇ ಇವೆಯೇ? ಬರೀ ಗೆದ್ದ ಸ್ಕ್ರೀನ್‌ಶಾಟ್ ಮಾತ್ರ ಇದ್ದರೆ ಅದು ದಾಖಲೆ ಅಲ್ಲ, ಜಾಹೀರಾತು.

ಕಾನೂನು ಏನು ಹೇಳುತ್ತದೆ?

ಕುದುರೆ ರೇಸ್ ಮುಖ್ಯವಾಗಿ ಕೌಶಲದ ಆಟ ಅಂತ 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಮಿಳುನಾಡಿನ ಕಾನೂನಿನ ಬಗ್ಗೆ ಬಂದ ಪ್ರಕರಣ ಅದು. ಕರ್ನಾಟಕದಲ್ಲಿ ರೇಸ್‌ಕೋರ್ಸ್‌ಗಳಿಗೆ ಸರ್ಕಾರದ ಲೈಸೆನ್ಸ್ ಬೇಕು, 1952ರ ಕಾಯ್ದೆಯ ಪ್ರಕಾರ. 2025ರ ಕೇಂದ್ರ ಕಾಯ್ದೆಗೆ ಆ ವರ್ಷದ ಆಗಸ್ಟ್ 22ರಂದು ರಾಷ್ಟ್ರಪತಿಯ ಅಂಕಿತ ಬಿತ್ತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟ ಕೌಶಲದ್ದೋ ಅದೃಷ್ಟದ್ದೋ ಅಂತ ಅದು ಭೇದ ಮಾಡುವುದಿಲ್ಲ. ಅಂಥ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ ಇದೆ. ಜಾಹೀರಾತು ಮಾಡಿದರೂ ಶಿಕ್ಷೆ ಇದೆ. ಆಡಿದವರಿಗೆ ಶಿಕ್ಷೆ ಇಟ್ಟಿಲ್ಲ, ಆದರೆ ಹೋದ ಹಣ ವಾಪಸ್ ಬರುತ್ತದೆ ಅಂತಲೂ ಅಲ್ಲ.

ಆದ್ದರಿಂದ ಲಿಂಕ್ ಒತ್ತಿ ಆ್ಯಪ್ ಹಾಕಿಕೊಳ್ಳಿ, ಈ ಯುಪಿಐ ನಂಬರಿಗೆ ಕಳಿಸಿ ಅನ್ನುವ ಮೆಸೇಜು ಬಂದರೆ ಅಲ್ಲಿಗೇ ಬಿಡುವುದು ಒಳ್ಳೆಯದು. ಕ್ಲಬ್ಬಿನ ಹೆಸರು, ಲೋಗೋ ಇದೆ ಅಂತ ಅದು ಕ್ಲಬ್ಬಿನದಾಗುವುದಿಲ್ಲ. ಕ್ಲಬ್ಬಿನ ತಾಣಕ್ಕೆ ನೀವೇ ಹೋಗಿ ನೋಡಿ, ಯಾರೋ ಕಳಿಸಿದ ಲಿಂಕಿನಿಂದ ಹೋಗಬೇಡಿ. ಹಣ ಹೋಗಿಬಿಟ್ಟಿದ್ದರೆ ಸೈಬರ್ ಸಹಾಯವಾಣಿ 1930ಕ್ಕೆ ತಕ್ಷಣ ಫೋನ್ ಮಾಡಬೇಕು. ತಡವಾದಷ್ಟು ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿ ತಡೆಹಿಡಿಯುವುದು ಕಷ್ಟ. ವ್ಯವಹಾರದ ನಂಬರ್, ಚಾಟ್‌ನ ಸ್ಕ್ರೀನ್‌ಶಾಟ್ ಕೈಯಲ್ಲಿರಲಿ. ಸಿಟ್ಟಿನಲ್ಲಿ ಆ ಗ್ರೂಪ್ ಡಿಲೀಟ್ ಮಾಡಬೇಡಿ, ಪೊಲೀಸರು ಮೊದಲು ಕೇಳುವುದು ಅದನ್ನೇ. ಮನೆಯಲ್ಲಿ ಯಾರಿಗಾದರೂ ಇದು ಬಿಡಲಾಗದ ಚಟವಾಗಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು, ದುಡ್ಡು ಕೊಡಬೇಕಿಲ್ಲ. ಧಾರವಾಡದಲ್ಲೇ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ, ನೇರವಾಗಿಯೂ ಹೋಗಬಹುದು.